ಕೋಕೋ ಹುರಿಯುವಾಗ ಮೀಟರ್ ತೋರಿಸುವ ಬಿಸಿ ಯಾರದ್ದು?

ಶೇಂಗಾ ಹುರಿಯೋಕೆ ನಮ್ಮ ಕಡೆ ಯಾರೂ ಥರ್ಮಾಮೀಟರ್ ಹಿಡಿಯುವುದಿಲ್ಲ. ಬಾಣಲೆಯಲ್ಲಿ ಚಟಪಟ ಸದ್ದು ಬಂತು, ಉಜ್ಜಿದರೆ ಸಿಪ್ಪೆ ಉದುರಿತು, ಒಂದು ಕಾಳು ಬಾಯಿಗೆ ಹಾಕಿ ನೋಡಿದೆವು, ಆಯಿತು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಯಾವ ಅಡುಗೆಮನೆಯಲ್ಲಾದರೂ ಈ ಲೆಕ್ಕ ಕಣ್ಣು, ಕಿವಿ, ಮೂಗಿನಲ್ಲೇ ಮುಗಿಯುತ್ತದೆ. ಅದೇ ಪಳಗಿದ ಕೈ ಕೋಕೋ ಬೀಜ ಹುರಿಯಲು ನಿಂತರೆ ತಡವರಿಸುತ್ತದೆ. ಯಾಕಂದ್ರೆ ಕೋಕೋ ಬೀಜದ ಸಿಪ್ಪೆ ಹುರಿಯುವ ಮೊದಲೂ ಕಂದು, ಹುರಿದ ಮೇಲೂ ಕಂದು. ಒಳಗಿನ ಬೇಳೆ ಹಸಿಯಾಗಿದೆಯೋ, ಹದವಾಗಿದೆಯೋ, ಸೀದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ.

ಹಾಗಾಗಿ ಮನೆಯಲ್ಲೇ ಚಾಕೊಲೇಟ್ ಮಾಡುವ ಹುಚ್ಚು ಹತ್ತಿಸಿಕೊಂಡವರು ಇವತ್ತಲ್ಲ ನಾಳೆ ಬೀಜದ ಬಿಸಿ ಅಳೆಯೋಕೆ ಶುರು ಮಾಡುತ್ತಾರೆ. ತೊಡಕು ಶುರುವಾಗುವುದೂ ಅಲ್ಲೇ. ಮೀಟರ್ 121 ಅಂತ ತೋರಿಸಿದರೆ ಬೀಜ 121 ಡಿಗ್ರಿಯಲ್ಲಿದೆ ಅಂತ ನಂಬಿಬಿಡುತ್ತೇವೆ. ಆದರೆ ಮೀಟರ್‌ಗೆ ಗೊತ್ತಿರುವುದು ಪ್ರೋಬಿನ, ಅಂದರೆ ಬೀಜದ ನಡುವೆ ಇಡುವ ಅಳತೆ ಕಡ್ಡಿಯ, ತುದಿಯ ಬಿಸಿ ಒಂದೇ. ಆ ತುದಿಗೆ ಬೀಜವೂ ತಾಗುತ್ತದೆ, ಬೀಜಗಳ ನಡುವಿನ ಬಿಸಿ ಗಾಳಿಯೂ ತಾಗುತ್ತದೆ, ಕೆಲವೊಮ್ಮೆ ಪಾತ್ರೆಯ ಗೋಡೆಯೂ ತಾಗುತ್ತದೆ. ಮೂರರ ಬೆರಕೆಯೇ ಆ ಅಂಕಿ. ಅದಕ್ಕೇ ನನ್ನ ಪ್ರಕಾರ, ಕೊನೆಗೆ ಎಷ್ಟು ಡಿಗ್ರಿ ಮುಟ್ಟಿತು ಅನ್ನುವುದಕ್ಕಿಂತ ಅಲ್ಲಿಗೆ ಎಷ್ಟು ನಿಮಿಷದಲ್ಲಿ, ಯಾವ ವೇಗದಲ್ಲಿ ಹೋಯಿತು ಅನ್ನುವುದು ಜಾಸ್ತಿ ಕೆಲಸಕ್ಕೆ ಬರುವ ಮಾಹಿತಿ. ಅದು ಹೇಗೆ ಅಂತ ನೋಡೋಣ.

ಮೊದಲು ಬೀಜದ ವಿಷಯ. ಕೋಕೋ ನಮ್ಮ ಒಣ ಬಯಲಿನ ಬೆಳೆಯಲ್ಲ. ಅದಕ್ಕೆ ನೆರಳು ಬೇಕು, ತೇವದ ಗಾಳಿ ಬೇಕು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ, ಆಂಧ್ರದ ಏಲೂರು, ಪಶ್ಚಿಮ ಗೋದಾವರಿ ಕಡೆಯ ತೆಂಗಿನ ತೋಟಗಳಲ್ಲಿ ಅದನ್ನು ನಡುಬೆಳೆಯಾಗಿ ಬೆಳೆಯುತ್ತಾರೆ. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದೂ ಈ ಬೀಜ ಅಲ್ಲೇ ಬೆಳೆಯುತ್ತದೆ ಅಂತಲೇ. ನಮಗೆ ಯಾವ ಕಡೆಯಿಂದಾದರೂ ಪಾರ್ಸೆಲ್‌ನಲ್ಲೇ ಬರಬೇಕು. ತರಿಸುವಾಗ ಒಂದು ಮಾತು ಕೇಳಿಕೊಳ್ಳಿ: ಬೀಜ ಹುದುಗು ಬರಿಸಿದ್ದೋ, ಸುಮ್ನೆ ಒಣಗಿಸಿದ್ದೋ? ಬಂದ ಮೇಲೆ ಒಂದೆರಡು ಬೀಜವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು ಬಣ್ಣ, ಬಿರುಕು ಬಿರುಕು ಇದ್ದರೆ ಸರಿ. ಸ್ಲೇಟಿನ ಬಣ್ಣ, ಗಟ್ಟಿ ಗಟ್ಟಿ ಇದ್ದರೆ ಹುದುಗು ಬಂದಿಲ್ಲ. ಅಂಥ ಬೀಜವನ್ನು ಎಷ್ಟು ಅಳತೆ ಮಾಡಿ ಹುರಿದರೂ ಚಾಕೊಲೇಟ್ ರುಚಿ ಬರುವುದಿಲ್ಲ.

ಒಳಗೆ ಏನಾಗುತ್ತದೆ

ಚೆನ್ನಾಗಿ ಒಣಗಿದ ಕೋಕೋ ಬೀಜದಲ್ಲೂ ನೂರಕ್ಕೆ ಆರೇಳು ಪಾಲು ನೀರಿರುತ್ತದೆ. ಒಂದು ಕಿಲೋ ಬೀಜದಲ್ಲಿ 60–70 ಗ್ರಾಂ ಅಂತಿಟ್ಟುಕೊಳ್ಳಿ. ಹುರಿದು ಮುಗಿಯುವಷ್ಟರಲ್ಲಿ ಇದರಲ್ಲಿ ಬಹುಪಾಲು ಹೋಗಬೇಕು. ಶಾಲೆಯಲ್ಲಿ ಓದಿದ್ದು ನೆನಪಿರಬಹುದು: ಒಂದು ಗ್ರಾಂ ನೀರಿನ ಬಿಸಿ ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಕುದಿಯುವ ನೀರನ್ನು ಹಬೆ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಅಂದರೆ ಒಲೆ ಕೊಟ್ಟ ಶಾಖದಲ್ಲಿ ದೊಡ್ಡ ಪಾಲು ಬೀಜವನ್ನು ಬಿಸಿ ಮಾಡೋಕೆ ಹೋಗುವುದೇ ಇಲ್ಲ, ಹಬೆಯ ಜೊತೆ ಹಾರಿಹೋಗುತ್ತದೆ. ನೂರು ಡಿಗ್ರಿಯ ಆಸುಪಾಸಿನಲ್ಲಿ ಮೀಟರ್ ಆಲಸಿಯಾಗುವುದು ಇದಕ್ಕೇ. ಹೊಸಬರು ಇಲ್ಲೇ ಗಾಬರಿಯಾಗಿ ಉರಿ ಜಾಸ್ತಿ ಮಾಡುವುದು. ನೀರು ಹೋದ ತಕ್ಷಣ ಬೀಜಕ್ಕೆ ಆ ತಡೆ ಇರುವುದಿಲ್ಲ, ಜಾಸ್ತಿ ಮಾಡಿದ ಉರಿಯೆಲ್ಲ ನೇರ ಬೇಳೆಗೆ ಬಡಿಯುತ್ತದೆ.

ನೀರಿನ ಜೊತೆ ಹುಳಿಯೂ ಹೋಗುತ್ತದೆ. ತೋಟದಲ್ಲಿ ಹಸಿ ಬೀಜವನ್ನು ಐದಾರು ದಿನ ರಾಶಿ ಹಾಕಿಯೋ ಮರದ ಪೆಟ್ಟಿಗೆಯಲ್ಲಿ ತುಂಬಿಯೋ ಹುದುಗು ಬರಿಸುತ್ತಾರಲ್ಲ, ಆಗ ಬೀಜದ ಸುತ್ತಲಿನ ಸಿಹಿ ತಿರುಳು ಮೊದಲು ಆಲ್ಕೋಹಾಲ್ ಆಗಿ, ಆಮೇಲೆ ವಿನೆಗರಿನ ಹುಳಿಯಾಗಿ ಬೀಜದೊಳಕ್ಕೆ ಇಳಿದಿರುತ್ತದೆ. ಆ ಹುಳಿಯ ಹೆಸರು ಅಸಿಟಿಕ್ ಆಮ್ಲ. ಅದು ಕುದಿಯುವುದು 118 ಡಿಗ್ರಿಯಲ್ಲಿ. ಹಾಗಂತ 118 ಆಗುವ ತನಕ ಅದು ಕದಲುವುದೇ ಇಲ್ಲ ಅಂತಲ್ಲ, ಹಬೆಯ ಜೊತೆ ಮೊದಲಿನಿಂದಲೂ ಹೊರಡುತ್ತಿರುತ್ತದೆ. ಅರ್ಧ ಹುರಿದಾಗ ಮನೆತುಂಬ ಉಪ್ಪಿನಕಾಯಿ ಭರಣಿ ತೆರೆದಂತೆ ವಾಸನೆ ಬಂದರೆ ಅದು ಸರಿಯಾದ ಲಕ್ಷಣವೇ. ಕಿಟಕಿ ತೆರೆದಿಡಿ, ಅಷ್ಟೇ.

ಮೂರನೆಯದು, ನಾವು ಕಾಯುವ ಘಮ. ಹುದುಗುವಾಗ ಬೀಜದೊಳಗಿನ ಪ್ರೋಟೀನು ಒಡೆದು ಅಮಿನೋ ಆಮ್ಲಗಳಾಗಿರುತ್ತವೆ, ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತವೆ. ಬಿಸಿಯಲ್ಲಿ ಇವೆರಡೂ ಸೇರಿ ನೂರಾರು ಬಗೆಯ ಪರಿಮಳದ ವಸ್ತುಗಳಾಗುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯಾರ್ ಅವರ ಹೆಸರಿನಲ್ಲೇ ಮಯಾರ್ ಕ್ರಿಯೆ ಅನ್ನುತ್ತಾರೆ. ರೊಟ್ಟಿಯ ಮೇಲಿನ ಕಂದು ಚುಕ್ಕೆಗೂ ಇದೇ ಕಾರಣ. ಕೋಕೋದಲ್ಲಿ ಇದು 110 ದಾಟಿದ ಮೇಲೆ ಚೆನ್ನಾಗಿ ಚುರುಕಾಗುತ್ತದೆ. ಈ ಕ್ರಿಯೆಗೆ ಬಿಸಿ ಎಷ್ಟು ಮುಖ್ಯವೋ ಸಮಯವೂ ಅಷ್ಟೇ ಮುಖ್ಯ. 115ರಲ್ಲಿ ಕೆಲವು ನಿಮಿಷ ಇದ್ದು 122 ಮುಟ್ಟಿದ ಬೀಜ ಮತ್ತು ಸರ್ರನೆ ಓಡಿ 122 ಮುಟ್ಟಿದ ಬೀಜ, ಎರಡರ ರುಚಿಯೂ ಒಂದೇ ಅಲ್ಲ.

ಕಾಫಿ ಹುರಿದು ಅಭ್ಯಾಸ ಇರುವವರಿಗೆ ಇಲ್ಲೊಂದು ಎಚ್ಚರಿಕೆ. ಕಾಫಿ ಬೀಜ ಮೊದಲ ಸಲ ಚಟ್ ಅನ್ನುವುದೇ 196 ಡಿಗ್ರಿಯ ಹೊತ್ತಿಗೆ. ಕೋಕೋ ಅಷ್ಟು ದೂರ ಹೋಗುವುದೇ ಇಲ್ಲ. ಮನೆಯಲ್ಲಿ ಹುರಿಯುವವರು ಸಾಮಾನ್ಯವಾಗಿ 120ರಿಂದ 130ರ ನಡುವೆ ನಿಲ್ಲಿಸುತ್ತಾರೆ. 140ರ ಹತ್ತಿರ ಹೋಯಿತೆಂದರೆ ಹಣ್ಣು, ಹೂವಿನಂಥ ನಾಜೂಕು ಪರಿಮಳ ಸತ್ತು ಒಂದೇ ಬಗೆಯ ಗಡಸು ಕಹಿ ಉಳಿಯುತ್ತದೆ. ಬೇಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬು ಇರುವುದರಿಂದ ಒಮ್ಮೆ ಸೀದ ವಾಸನೆ ಹಿಡಿದರೆ ಬಿಡುವುದೂ ಇಲ್ಲ. ಕೋಕೋ ಬೀಜವೂ 120 ದಾಟಿದ ಮೇಲೆ ಅಲ್ಲೊಂದು ಇಲ್ಲೊಂದು ಟಪ್ ಅನ್ನುತ್ತದೆ, ಹಬೆ ಸಿಪ್ಪೆ ಒಡೆದು ಹೊರಬರುವ ಸದ್ದು ಅದು. ಆದರೆ ಕಾಫಿಯಂತೆ ಎಲ್ಲ ಬೀಜ ಒಟ್ಟಿಗೆ ಸದ್ದು ಮಾಡುವುದಿಲ್ಲ. ಕೆಲವು ಬ್ಯಾಚ್‌ಗಳಲ್ಲಿ ಕೇಳಿಸುವುದೇ ಇಲ್ಲ. ಅದನ್ನು ನಂಬಿ ಒಲೆ ಆರಿಸೋಕೆ ಆಗಲ್ಲ.

ಯಾವುದರಿಂದ ಅಳೆಯುವುದು

ಓಟಿಜಿ ಓವನ್‌ನ ತಿರುಗಣೆಯಲ್ಲಿ 150 ಅಂತ ಇಟ್ಟರೆ ಅದು ಬೀಜದ ಲೆಕ್ಕವಲ್ಲ, ಓವನ್ ಗಾಳಿಯ ಲೆಕ್ಕ. ಅದೂ ಸರಾಸರಿ. ಒಳಗಿನ ಥರ್ಮೋಸ್ಟಾಟ್ ಕಾಯಿಲನ್ನು ಹಚ್ಚಿ ಆರಿಸಿ ಮಾಡುವಾಗ ಬಿಸಿ ಹತ್ತಾರು ಡಿಗ್ರಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಇನ್‌ಫ್ರಾರೆಡ್ ಗನ್ನಿನ ಅಣ್ಣತಮ್ಮಂದಿರು, ಅಂದರೆ ಕಾರ್ಖಾನೆ ಕೆಲಸಕ್ಕೆ ಬಳಸುವ ಗನ್ನುಗಳು, ಅಡುಗೆಗೂ ಬಳಕೆಯಾಗುತ್ತವೆ. (ಹಣೆಗೆ ಹಿಡಿಯುವುದು ಇಲ್ಲಿ ಆಗುವುದಿಲ್ಲ, ಅದರ ಅಳತೆ ಜ್ವರದ ಆಸುಪಾಸಿಗೇ ಮುಗಿಯುತ್ತದೆ.) ಮಂಕಾದ ಸಿಪ್ಪೆಯ ಬಿಸಿಯನ್ನು ಅವು ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತವೆ. ಆದರೆ ಗನ್ ನೋಡುವುದು ಒಂದು ಚುಕ್ಕೆಯನ್ನಲ್ಲ, ಒಂದು ವೃತ್ತವನ್ನು. 12:1 ಅಂತ ಬರೆದಿರುವ ಗನ್ನನ್ನು 60 ಸೆಂಟಿಮೀಟರ್ ದೂರದಿಂದ ಹಿಡಿದರೆ 5 ಸೆಂಟಿಮೀಟರ್ ಅಗಲದ ವೃತ್ತದ ಸರಾಸರಿ ಸಿಗುತ್ತದೆ. ಅದರೊಳಗೆ ಹೊಳೆಯುವ ಸ್ಟೀಲ್ ಸೇರಿಬಿಟ್ಟರೆ ಅಂಕಿ ಸುಮ್ನೆ ಕೆಳಗೆ ಬೀಳುತ್ತದೆ, ಹೊಳೆಯುವ ಲೋಹ ತನ್ನ ಬಿಸಿಯನ್ನು ಕಿರಣವಾಗಿ ಬಿಡುವುದು ಕಡಿಮೆ. ಇನ್ನು ಸಿಗುವುದೂ ಮೇಲ್ಮೈಯ ಬಿಸಿ ಮಾತ್ರ. ಅಡ್ಡಿಯಿಲ್ಲ, ಬಾಣಲೆಯಲ್ಲಿ ಕೈಯಾಡಿಸುತ್ತಾ ಹುರಿಯುವವರಿಗೆ ಇದೇ ಗತಿ. ಪ್ರತಿ ಸಲ ಚೆನ್ನಾಗಿ ಕಲಸಿ, ಬೀಜ ಒಂದೆಡೆ ಗುಡ್ಡೆ ಮಾಡಿ, ಅದೇ ದೂರದಿಂದ ಹಿಡಿದು ನೋಡಿ.

ನನಗೆ ಒಗ್ಗುವುದು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಒಂದು ತುದಿಯಲ್ಲಿ ಕೂಡಿಸಿ ಆ ತುದಿಯನ್ನು ಬಿಸಿ ಮಾಡಿದರೆ, ಇನ್ನೊಂದು ತುದಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಥಾಮಸ್ ಸೀಬೆಕ್ ಇದನ್ನು ಗಮನಿಸಿದಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. ಇದು ಅಯಸ್ಕಾಂತದ ಆಟ ಅಂತಲೇ ಅವರು ತಿಳಿದಿದ್ದರು. ಮನೆಗೆ ಸಾಕಾಗುವುದು ಕೆ-ಟೈಪ್, ನಿಕ್ಕಲ್–ಕ್ರೋಮಿಯಂ ಒಂದು ತಂತಿ, ನಿಕ್ಕಲ್–ಅಲ್ಯೂಮಿನಿಯಂ ಇನ್ನೊಂದು. ಒಂದು ಡಿಗ್ರಿಗೆ ಹುಟ್ಟುವುದು ಸುಮಾರು 41 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ 41 ಪಾಲು. ಇಷ್ಟು ಸಣ್ಣದನ್ನು ಓದಿ ಡಿಗ್ರಿ ಮಾಡಿ ತೋರಿಸುವುದು ಮೀಟರ್‌ನ ಕೆಲಸ.

ನಮ್ಮ ಜಿಲ್ಲೆಗಳಿಗೆ ಇದು ಹೊಸ ವಸ್ತುವೇನಲ್ಲ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಂಥ ಕಡೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಥರ್ಮೋಕಪಲ್ ಇಲ್ಲದೆ ದಿನವೇ ಹೋಗುವುದಿಲ್ಲ. (ಕರಗಿದ ಉಕ್ಕು 1600 ಡಿಗ್ರಿಯ ಆಸುಪಾಸು. ಅದಕ್ಕೆ ಕೆ-ಟೈಪ್ ತಡೆಯುವುದಿಲ್ಲ, ಪ್ಲಾಟಿನಂ ತಂತಿಯೇ ಬೇಕು.) ಬಂಧುಬಳಗದಲ್ಲಿ ಇನ್‌ಸ್ಟ್ರುಮೆಂಟೇಷನ್ ಕೆಲಸದವರು ಯಾರಾದರೂ ಇದ್ದರೆ ಒಂದು ಸಂಜೆ ಚಹಾಕ್ಕೆ ಕರೆಯಿರಿ. ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಅವರು ಮೊದಲು ನೋಡುವುದೇ ತಂತಿಯ ಬಣ್ಣ. ಕೆ-ಟೈಪ್‌ನಲ್ಲಿ ಒಂದು ಪದ್ಧತಿಯ ಪ್ರಕಾರ ಹಸಿರು ಪ್ಲಸ್, ಬಿಳಿ ಮೈನಸ್. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ನಮ್ಮ ಮನೆಯ ವೈರಿಂಗ್ ನೋಡಿದ ಕೈ ಕೆಂಪನ್ನು ಪ್ಲಸ್‌ಗೆ ಹಾಕಿಬಿಡುತ್ತದೆ. ಆಗ ಪ್ರೋಬ್ ಬಿಸಿಯಾದಂತೆ ಅಂಕಿ ಕೆಳಗಿಳಿಯುತ್ತದೆ. ತಂತಿ ಅದಲು ಬದಲು ಮಾಡಿದರೆ ಸರಿಹೋಗುತ್ತದೆ, ಇದು ಸುಲಭದ ತಪ್ಪು.

ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ಪ್ರೋಬಿನ ತಂತಿ ಮೋಟಾಯಿತು ಅಂತ ಮನೆಯಲ್ಲಿದ್ದ ತಾಮ್ರದ ವೈರ್ ಕಟ್ಟಿ ಉದ್ದ ಮಾಡುವುದು. ಥರ್ಮೋಕಪಲ್ ಹೇಳುವುದು ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು. ತನ್ನ ಕಡೆಯ ತುದಿಯ ಬಿಸಿಯನ್ನು ಮೀಟರ್ ತಾನೇ ಅಳೆದು ಅದಕ್ಕೆ ಕೂಡಿಸಿ ತೋರಿಸುತ್ತದೆ. ನಡುವೆ ತಾಮ್ರ ಸೇರಿಸಿದರೆ ಥರ್ಮೋಕಪಲ್ ನಿಜವಾಗಿ ಮುಗಿಯುವುದು ಆ ಗಂಟಿನಲ್ಲಿ, ಮೀಟರ್ ಹತ್ತಿರ ಅಲ್ಲ. ಗಂಟು ಓವನ್ ಬಾಗಿಲ ಪಕ್ಕ 60 ಡಿಗ್ರಿಯಲ್ಲಿದೆ, ಮೀಟರ್ ಮೇಜಿನ ಮೇಲೆ 35ರಲ್ಲಿದೆ ಅಂದುಕೊಳ್ಳಿ. ಮೀಟರ್ ನಿಜಕ್ಕಿಂತ 25 ಡಿಗ್ರಿ ಕಡಿಮೆ ತೋರಿಸುತ್ತದೆ. ನೀವು 122 ಅಂತ ನೋಡಿ ಖುಷಿಪಡುವಾಗ ಪ್ರೋಬಿನ ತುದಿ 147ರಲ್ಲಿ ಕೂತಿರುತ್ತದೆ. ಉದ್ದ ಬೇಕಿದ್ದರೆ ಕೆ-ಟೈಪ್‌ಗೇ ಮಾಡಿದ ಎಕ್ಸ್‌ಟೆನ್ಶನ್ ವೈರ್ ಸಿಗುತ್ತದೆ, ಅದನ್ನೇ ತನ್ನಿ.

ಎಲ್ಲ ಸರಿ ಇದ್ದರೂ ಸಾಮಾನ್ಯ ದರ್ಜೆಯ ಕೆ-ಟೈಪ್ 2.5 ಡಿಗ್ರಿ ಆಚೆ ಈಚೆ ತೋರಿಸುವುದು ನಿಯಮದ ಪ್ರಕಾರವೇ ಸರಿ. ನಿಮ್ಮ ಪ್ರೋಬ್ ಯಾವ ಕಡೆ ವಾಲಿದೆ ಅಂತ ತಿಳಿಯಲು ಕುದಿಯುವ ನೀರು ಸಾಕು. ಆದರೆ ನಮ್ಮಲ್ಲಿ ನೀರು 100ರಲ್ಲಿ ಕುದಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. ರಾಯಚೂರು ಇರುವುದು 400 ಮೀಟರ್ ಆಸುಪಾಸಿನಲ್ಲಿ, ಬಳ್ಳಾರಿ 500ಕ್ಕೆ ಸ್ವಲ್ಪ ಕಡಿಮೆ, ಕೊಪ್ಪಳ 500ಕ್ಕೆ ಸ್ವಲ್ಪ ಜಾಸ್ತಿ. ಹಾಗಾಗಿ ರಾಯಚೂರಿನಲ್ಲಿ 98.6, ಬಳ್ಳಾರಿ, ಕೊಪ್ಪಳದಲ್ಲಿ 98.3ರ ಹತ್ತಿರ ಬಂದರೆ ನಿಮ್ಮ ಪ್ರೋಬ್ ಒಳ್ಳೆಯದು ಅಂತ ಅರ್ಥ. ಪ್ರೋಬ್ ಪಾತ್ರೆಯ ತಳಕ್ಕೆ ತಾಗದಂತೆ ಹಿಡಿಯಿರಿ.

ತುದಿ ಎಲ್ಲಿರಬೇಕು

ಇಡೀ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು. ಓಟಿಜಿಯ ಜೊತೆ ಬರುವ ಕೋಳಿ ಸುಡುವ ಕಂಬಿಗೆ ಜಾಳಿಗೆಯ ಡ್ರಮ್ ಹಾಕಿಕೊಂಡು ಹುರಿಯುವವರು ಬಹಳ. ಡ್ರಮ್ ತಿರುಗುವಾಗ ಬೀಜವೆಲ್ಲ ಕೆಳಗೆ ಒಂದು ಪಕ್ಕಕ್ಕೆ ಜಾರಿ ಅಲ್ಲೇ ಉರುಳುತ್ತಿರುತ್ತದೆ. ಮೇಲಿನ ಅರ್ಧ ಬರೀ ಗಾಳಿ. ಪ್ರೋಬನ್ನು ಸರಿಯಾಗಿ ನಡುವಿನ ತೂತಿನಿಂದ ನೇರ ಒಳಗೆ ತೂರಿಸಿದರೆ ಅದು ಗಾಳಿಯಲ್ಲಿ ತೇಲುತ್ತಿರುತ್ತದೆ. ಒಂದೋ ಅದನ್ನು ಕೆಳಕ್ಕೆ ಬಗ್ಗಿಸಿ ಬೀಜದ ರಾಶಿಯೊಳಗೆ ಹೂಳಬೇಕು, ಇಲ್ಲಾ ಡ್ರಮ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬುವಷ್ಟು ಬೀಜ ಹಾಕಬೇಕು. ಬಗ್ಗಿಸಿದಾಗ ತುದಿ ಜಾಳಿಗೆಗೆ ಉಜ್ಜದಂತೆ ಒಂದು ಬೆರಳಿನ ಅಂತರ ಇರಲಿ. ಲೋಹಕ್ಕೆ ತಾಗಿದರೆ ಅದು ಜಾಳಿಗೆಯ ಬಿಸಿ ಹೇಳುತ್ತದೆ.

ಆಳವೂ ಮುಖ್ಯ. ಪ್ರೋಬಿನ ದಪ್ಪದ ಕನಿಷ್ಠ ಹತ್ತರಷ್ಟು ಉದ್ದ ಬೀಜದೊಳಗೆ ಮುಳುಗಿರಬೇಕು ಅನ್ನುವುದು ಕಾರ್ಖಾನೆಯವರ ಅಂದಾಜು. 3 ಮಿಲಿಮೀಟರ್ ದಪ್ಪದ ಕಡ್ಡಿಯಾದರೆ 3 ಸೆಂಟಿಮೀಟರ್. 6 ಮಿಲಿಮೀಟರ್ ದಪ್ಪದ್ದಾದರೆ ಅರ್ಧ ಕಿಲೋ ಬೀಜದಲ್ಲಿ ಅದು ಮುಳುಗುವುದೇ ಕಷ್ಟ, ಹೊರಗಿರುವ ಕಡ್ಡಿ ಓವನ್ನಿನ ಬಿಸಿಯನ್ನು ತುದಿಗೆ ಸಾಗಿಸಿ ಅಂಕಿಯನ್ನು ಮೇಲೆ ತಳ್ಳುತ್ತದೆ. ದಪ್ಪ ಕಡ್ಡಿ ನಿಧಾನವೂ ಹೌದು, ಬೀಜ ಮುಂದೆ ಹೋದ ಎಷ್ಟೋ ಹೊತ್ತಿಗೆ ಅದು ಬೆನ್ನು ಹತ್ತುತ್ತದೆ. ಅದಕ್ಕೆ ತೆಳ್ಳಗಿನ ಪ್ರೋಬೇ ವಾಸಿ.

ಇದರಿಂದ ಇನ್ನೊಂದು ಮಾತು ಹುಟ್ಟುತ್ತದೆ. ಇವತ್ತು ಒಂದು ಕಿಲೋ, ನಾಳೆ 400 ಗ್ರಾಂ ಹಾಕಿ ಎರಡನ್ನೂ 122ಕ್ಕೆ ನಿಲ್ಲಿಸಿದರೆ, ಅವೆರಡೂ ಒಂದೇ ಹದ ಅಲ್ಲ. 400 ಗ್ರಾಮಿನಲ್ಲಿ ಪ್ರೋಬಿಗೆ ಗಾಳಿ ಜಾಸ್ತಿ ತಾಗಿರುತ್ತದೆ, ಬೀಜ ಇನ್ನೂ ಹಿಂದೆ ಇರುತ್ತದೆ. ಬೇರೆಯವರ ಮನೆಯ 122ಕ್ಕೂ ನಿಮ್ಮ ಮನೆಯ 122ಕ್ಕೂ ಇದೇ ಕಾರಣಕ್ಕೆ ತಾಳೆಯಾಗುವುದಿಲ್ಲ. ನಿಮ್ಮ ಪ್ರೋಬ್, ನಿಮ್ಮ ಜಾಗ, ನಿಮ್ಮ ತೂಕ ಮೂರನ್ನೂ ಕದಲಿಸದೆ ಇಟ್ಟುಕೊಂಡರೆ ನಿಮ್ಮ ಅಂಕಿ ನಿಮಗೆ ಸತ್ಯ ಹೇಳುತ್ತದೆ. ಅಷ್ಟು ಸಾಕು ಅಲ್ವಾ?

ಏರಿಕೆಯನ್ನು ಓದುವುದು

ಒಂದು ನೋಟ್‌ಬುಕ್, ಒಂದು ಗಡಿಯಾರ. ಅರ್ಧ ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಿ. ಕಂಪ್ಯೂಟರ್ ಗೊತ್ತಿರುವವರು ಥರ್ಮೋಕಪಲ್ ಓದುವ ಮ್ಯಾಕ್ಸ್ 6675 ಅನ್ನುವ ಸಣ್ಣ ಬೋರ್ಡನ್ನು ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ತಾನಾಗೇ ಬರೆಯುವಂತೆ ಮಾಡಿಕೊಳ್ಳಬಹುದು. ಕಾಫಿಯವರು ಬಳಸುವ ಆರ್ಟಿಸಾನ್ ಅನ್ನುವ ಉಚಿತ ತಂತ್ರಾಂಶ ಗ್ರಾಫನ್ನೂ ಬಿಡಿಸುತ್ತದೆ. ಆದರೆ ಶುರುವಿಗೆ ಪೆನ್ನೇ ಚೆನ್ನ. ಬರೆಯುವ ಕೈಗೆ ವೇಗ ಬೇಗ ತಿಳಿಯುತ್ತದೆ.

ಒಂದು ಹದವಾದ ಬ್ಯಾಚಿನ ಪುಟ ಹೆಚ್ಚುಕಡಿಮೆ ಹೀಗಿರುತ್ತದೆ. ಶುರುವಿನಲ್ಲಿ 32. ಎರಡು ನಿಮಿಷಕ್ಕೆ 58, ನಾಲ್ಕಕ್ಕೆ 78, ಆರಕ್ಕೆ 91, ಎಂಟಕ್ಕೆ 100. ಆಮೇಲೆ ಹತ್ತಕ್ಕೆ 108, ಹನ್ನೆರಡಕ್ಕೆ 115, ಹದಿನಾಲ್ಕಕ್ಕೆ 121, ಹದಿನೈದಕ್ಕೆ 124, ಮುಗಿಯಿತು. ಅಂಕಿಗಳನ್ನು ಬಿಟ್ಟು ನಡುವಿನ ಅಂತರ ನೋಡಿ. ಮೊದಲು ನಿಮಿಷಕ್ಕೆ 13 ಡಿಗ್ರಿ ಏರುತ್ತಿತ್ತು. ನೂರರ ಹತ್ತಿರ 4–5ಕ್ಕೆ ಇಳಿಯಿತು. ಕೊನೆಗೆ 3. ವೇಗ ಇಳಿಯುತ್ತಾ ಹೋಗಿದೆ, ಆದರೆ ನಿಂತಿಲ್ಲ. ಇಂಥದ್ದು ಬೇಕು.

110 ಆದ ಮೇಲೂ ನಿಮಿಷಕ್ಕೆ ಏಳೆಂಟು ಡಿಗ್ರಿ ಏರುತ್ತಿದ್ದರೆ ಹೊರಗೂ ಒಳಗೂ ಅಂತರ ಬೀಳುತ್ತದೆ. ಬೀಜ ಸುಮಾರು ಎರಡು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ದಪ್ಪ. ಹೊರಗಿನ ಬಿಸಿ ನಡುವಿನ ತನಕ ಹೋಗೋಕೆ ಹೊತ್ತು ಬೇಕು. ತಣ್ಣಗಾದ ಬೀಜವನ್ನು ಮುರಿದು ಬೆಳಕಿಗೆ ಹಿಡಿದರೆ ಇದು ಕಾಣುತ್ತದೆ. ಅಂಚಿನಲ್ಲಿ ಕಡುಕಪ್ಪು ಗೆರೆ, ನಡುವೆ ತಿಳಿ ನೇರಳೆ, ಬಾಯಿಗೆ ಹಾಕಿದರೆ ಮೊದಲು ಸೀದ ಕಹಿ, ಆಮೇಲೆ ಹಸಿ ಒಗರು. ಎರಡೂ ದೋಷ ಒಂದೇ ಬೀಜದಲ್ಲಿ. ಕೊನೆಯ ಅಂಕಿಯನ್ನಷ್ಟೇ ಬರೆದಿಟ್ಟವರಿಗೆ ಇದರ ಕಾರಣ ಎಂದೂ ಸಿಗುವುದಿಲ್ಲ. ಜಾಸ್ತಿ ಹುರಿದೆನೋ ಕಡಿಮೆ ಹುರಿದೆನೋ ಅಂತ ತಿಣುಕುತ್ತಿರುತ್ತಾರೆ. ಹದವಾದ ಬೀಜ ಟಕ್ ಅಂತ ಮುರಿಯುತ್ತದೆ, ಬಣ್ಣ ಅಂಚಿನಿಂದ ನಡುವಿನ ತನಕ ಒಂದೇ ಥರ.

ತೀರಾ ನಿಧಾನವೂ ಒಳ್ಳೆಯದಲ್ಲ. ನಿಮಿಷಕ್ಕೆ ಒಂದು ಡಿಗ್ರಿಯೂ ಏರದೆ ಅರ್ಧ ಗಂಟೆ ಎಳೆದರೆ ಬೀಜ ಸೀಯುವುದಿಲ್ಲ ನಿಜ, ಆದರೆ ಘಮ ಎಲ್ಲ ಹೋಗಿ ಸಪ್ಪೆ ಕಂದು ರುಚಿ ಉಳಿಯುತ್ತದೆ. ನನ್ನನ್ನು ಕೇಳಿದರೆ ಸೀದದ್ದಕ್ಕಿಂತ ಇದು ಬೇಜಾರು. ಸೀದದ್ದು ಕೊನೇಪಕ್ಷ ತಕ್ಷಣ ಗೊತ್ತಾಗುತ್ತದೆ.

ಇನ್ನು ಮೊದಲೇ ಕಾಯಿಸಿದ ಡ್ರಮ್ಮಿಗೆ ಬೀಜ ಸುರಿಯುವವರಿಗೆ ಒಂದು ವಿಚಿತ್ರ ಕಾಣುತ್ತದೆ. ಮೀಟರ್ 150ರಿಂದ ದಡದಡ ಇಳಿದು 70ರ ಹತ್ತಿರ ತಿರುಗಿ ಮತ್ತೆ ಏರುತ್ತದೆ. ಬೀಜ ಯಾವತ್ತೂ ತಣ್ಣಗಾಗಿಲ್ಲ, ಅದು ಮೊದಲ ಕ್ಷಣದಿಂದ ಬಿಸಿಯಾಗುತ್ತಲೇ ಇದೆ. ಬಿಸಿಯಾಗಿದ್ದ ಪ್ರೋಬ್ ತಣ್ಣನೆಯ ಬೀಜದಲ್ಲಿ ಬಿದ್ದು ತಾನು ಇಳಿದದ್ದು ಅಷ್ಟೇ. ಆ ಮೊದಲ ಎರಡು ನಿಮಿಷದ ಅಂಕಿಗಳಿಗೆ ಬೀಜದ ಮಟ್ಟಿಗೆ ಅರ್ಥವಿಲ್ಲ. ತಿರುಗಿದ ಮೇಲಿನದ್ದನ್ನು ನಂಬಿ.

ಹುರಿಯುವುದು ರುಚಿಗಷ್ಟೇ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಬೀಜ ಅಂಗಳದಲ್ಲಿ ಒಣಗಿರುತ್ತದೆ, ಕೋಳಿ, ಹಕ್ಕಿ ಓಡಾಡಿರುತ್ತವೆ. ಸಿಪ್ಪೆಯ ಮೇಲೆ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಒಣ ಪದಾರ್ಥದ ಮೇಲಿನ ಸಾಲ್ಮೊನೆಲ್ಲಾ ಒದ್ದೆ ಪದಾರ್ಥದಲ್ಲಿ ಸತ್ತಷ್ಟು ಸುಲಭವಾಗಿ ಬಿಸಿಗೆ ಸಾಯುವುದಿಲ್ಲ. ಬೀಜ ಕೆಲವು ನಿಮಿಷ ಬಿಸಿಯಲ್ಲಿದ್ದು 120 ದಾಟುವುದು ಈ ಕಾರಣಕ್ಕೂ ಬೇಕು. ಹಸಿ ಬೀಜ ಮುಟ್ಟಿದ ಬುಟ್ಟಿ, ಸೌಟು, ಕೈ ಹುರಿದ ಬೀಜಕ್ಕೆ ತಾಗಬಾರದು.

ನಮ್ಮೂರಿನ ಬಿಸಿಲು, ನಮ್ಮೂರಿನ ಕರೆಂಟು

ಡಿಸೆಂಬರಿನ ಬೆಳಿಗ್ಗೆ ಬೀಜ 18 ಡಿಗ್ರಿಯಲ್ಲಿ ಶುರುವಾದರೆ ಮೇ ತಿಂಗಳ ಮಧ್ಯಾಹ್ನ 40ರಲ್ಲಿ ಶುರುವಾಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಎರಡು ನಿಮಿಷದ ವ್ಯತ್ಯಾಸ. ಜೊತೆಗೆ ನಮ್ಮ ಬೇಸಗೆಯ ಒಣ ಗಾಳಿಯಲ್ಲಿ ಚೀಲ ಬಿಚ್ಚಿಟ್ಟ ಬೀಜ ಇನ್ನೂ ಒಣಗಿರುತ್ತದೆ, ನೂರರ ಹತ್ತಿರದ ಆಲಸ್ಯವೂ ಕಡಿಮೆ. ಮಳೆಗಾಲದಲ್ಲಿ ಕರಾವಳಿಯಿಂದ ಬಂದ ಚೀಲ ಇದಕ್ಕೆ ಪೂರ್ತಿ ಉಲ್ಟಾ. 90ರಿಂದ 105ರ ತನಕ ಅಂಕಿ ತೆವಳುತ್ತಾ ಹೋದರೆ ಬೀಜ ತೇವ ಹಿಡಿದಿದೆ ಅಂತ ಗ್ರಾಫೇ ಹೇಳುತ್ತಿದೆ. ಗಂಗಾವತಿ, ಸಿಂಧನೂರು ಕಡೆ ರೈಸ್‌ಮಿಲ್ಲುಗಳಲ್ಲಿ ತೇವ ನೋಡುವ ಮೀಟರ್ ಇರುತ್ತದೆ, ಅದರಲ್ಲಿ ನೋಡಿಸಬಹುದಲ್ಲ ಅನ್ನಿಸುತ್ತದೆ. ಆ ಮೀಟರ್ ಭತ್ತಕ್ಕೆ, ಅಕ್ಕಿಗೆ ಹೊಂದಿಸಿದ್ದು. ಅರ್ಧ ಕೊಬ್ಬೇ ಇರುವ ಕೋಕೋಗೆ ಅದು ಸರಿಯಾಗಿ ಹೇಳುವುದಿಲ್ಲ.

ಕರೆಂಟಿನ ವಿಷಯ ಇನ್ನೂ ದೊಡ್ಡದು. ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ಇರಬೇಕಾದ ವೋಲ್ಟೇಜ್ 200ಕ್ಕೆ ಇಳಿದರೆ ಶಾಖ ಕಾಲುಭಾಗ ಕಮ್ಮಿಯಾಗಿ ಮುಕ್ಕಾಲಿಗೆ ಬರುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹೀಗಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಿನ್ನೆ 15 ನಿಮಿಷಕ್ಕೆ ಆದ ಬ್ಯಾಚ್ ಇವತ್ತು 15 ನಿಮಿಷಕ್ಕೆ ಹಸಿಯಾಗೇ ಇದ್ದರೆ ಬೀಜವನ್ನು ಬೈಯಬೇಡಿ. ಬರೀ ಗಡಿಯಾರ ನೋಡಿ ಹುರಿಯುವ ಪದ್ಧತಿ ನಮ್ಮಲ್ಲಿ ಯಾಕೆ ನಡೆಯುವುದಿಲ್ಲ ಅನ್ನುವುದಕ್ಕೆ ಇದೊಂದೇ ಸಾಕು. ಮೀಟರ್ ಇದ್ದರೆ ವೇಗ ಬಿದ್ದದ್ದು ಎರಡನೇ ನಿಮಿಷಕ್ಕೇ ಗೊತ್ತಾಗುತ್ತದೆ, ತಿರುಗಣೆ ಸ್ವಲ್ಪ ಮುಂದೆ ತಿರುಗಿಸಬಹುದು. ಗ್ಯಾಸಿನ ಮೇಲೆ ಹುರಿಯುವವರಿಗೆ ಈ ಕಾಟವಿಲ್ಲ.

ಒಲೆ ಆರಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲಿ ತಾನೇ ಹುರಿಯುತ್ತಿರುತ್ತದೆ. ಅಗಲವಾದ ತಟ್ಟೆಗೆ ಸುರಿದು ಫ್ಯಾನ್ ಕೆಳಗೆ ಹರಡಿ. ಮೇ ತಿಂಗಳಲ್ಲಿ ಫ್ಯಾನಿನ ಗಾಳಿಯೇ 40 ಡಿಗ್ರಿ ಇರುವಾಗ ಆರುವುದು ನಿಧಾನ, ಆದ್ದರಿಂದ ಒಂದೆರಡು ಡಿಗ್ರಿ ಮೊದಲೇ ಇಳಿಸುವುದು ಜಾಣತನ. ಆರಿದ ಮೇಲೆ ತೂಕ ನೋಡಿ ಅದೇ ಪುಟದಲ್ಲಿ ಬರೆಯಿರಿ. ಕಿಲೋಗೆ 50–70 ಗ್ರಾಂ ಇಳಿದಿದ್ದರೆ ನೀರು ಸರಿಯಾಗಿ ಹೋಗಿದೆ. 20–30 ಗ್ರಾಂ ಮಾತ್ರ ಇಳಿದಿದ್ದು ಮೀಟರ್ 125 ತೋರಿಸಿದ್ದರೆ, ಬೀಜ ಮೊದಲೇ ತೀರಾ ಒಣಗಿತ್ತೋ ಅಥವಾ ನಿಮ್ಮ ಪ್ರೋಬ್ ಗಾಳಿಯ ಬಿಸಿ ಹೇಳುತ್ತಿದೆಯೋ ಅಂತ ಅನುಮಾನ ಪಡಿ. ಮುಂದಿನ ಬ್ಯಾಚಿಗೆ ಮೊದಲು ತುದಿಯ ಜಾಗ ನೋಡಿ.

ಮಿಕ್ಕದ್ದು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಬೀಜ ಒಡೆದು ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿ ಬೇಳೆ ಉಳಿಯುತ್ತದೆ. ಮೊರ ಹಿಡಿಯಲು ಬಾರದ ಗಂಡಸರು ಹೇರ್ ಡ್ರೈಯರ್ ಹಿಡಿಯುತ್ತಾರೆ. ಅರೆದು ಚಾಕೊಲೇಟ್ ಮಾಡಿ ಗಟ್ಟಿಯಾಗಿಸುವ ಕೆಲಸವನ್ನು ಮಾತ್ರ ಚಳಿಗಾಲಕ್ಕೋ ಏಸಿ ಕೋಣೆಗೋ ಇಟ್ಟುಕೊಳ್ಳಿ, ಕೋಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಹಾರಿದ ಸಿಪ್ಪೆ ಗಿಡದ ಬುಡಕ್ಕೆ ಒಳ್ಳೆಯ ಹೊದಿಕೆ. ಆದರೆ ಅದರಲ್ಲಿ ಥಿಯೋಬ್ರೊಮಿನ್ ಇರುತ್ತದೆ, ನಾಯಿಗಳಿಗೆ ಅದು ವಿಷ. ಮನೆಯಲ್ಲಿ ನಾಯಿ ಇದ್ದರೆ ಅದರ ಬಾಯಿಗೆ ಸಿಗುವ ಕುಂಡಕ್ಕೆ ಹಾಕಬೇಡಿ.